ರಚ್ಚೆ ಹಿಡಿಯುವ ಕೂಸು

ಅಳು ಬೇರೆ, ರಚ್ಚೆ ಬೇರೆ. ಬಿದ್ದು ಅಳುವ ಕೂಸನ್ನು ಎತ್ತಿಕೊಂಡರೆ ಸುಮ್ಮನಾಗುತ್ತದೆ. ರಚ್ಚೆ ಹಿಡಿದ ಕೂಸನ್ನು ಎತ್ತಿಕೊಂಡರೆ ಇಳಿಸು ಎನ್ನುತ್ತದೆ, ಇಳಿಸಿದರೆ ಎತ್ತು ಎನ್ನುತ್ತದೆ. ರೊಟ್ಟಿ ಮುರಿದು ಕೊಟ್ಟರೆ ಇಡೀ ರೊಟ್ಟಿ ಬೇಕು, ಇಡೀ ಕೊಟ್ಟರೆ ಮೊದಲು ಮುರಿದದ್ದೇ ಬೇಕು. ಎರಡು ವರ್ಷದ ಮಗುವಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾನಗಲ್ಲಿನ ಬಸ್ ನಿಲ್ದಾಣವಿರಲಿ, ಸವಣೂರಿನ ಸಂತೆಯಿರಲಿ, ಹಿರೇಕೆರೂರಿನ ಬಟ್ಟೆ ಅಂಗಡಿಯಿರಲಿ, ನೆಲಕ್ಕೆ ಬಿದ್ದು ಕಾಲು ಬಡಿಯುವ ಒಂದು ಕೂಸು ಮತ್ತು ಅದರ ಮುಂದೆ ನಾಚಿಕೆಯಿಂದ ತಲೆತಗ್ಗಿಸಿ ನಿಂತ ಒಬ್ಬ ತಾಯಿ ಕಾಣಸಿಗುವುದು ಅಪರೂಪವಲ್ಲ. ಸುತ್ತ ನಿಂತವರಿಗೆಲ್ಲ ಆ ಹೊತ್ತಿನಲ್ಲಿ ಒಂದೊಂದು ಔಷಧ ಹೊಳೆಯುತ್ತದೆ. 'ದೃಷ್ಟಿ ಆಗೇತಿ, ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕವಾ' ಎಂದು ಒಬ್ಬರು, 'ಎರಡು ಬಿಗಿರಿ, ಸುಮ್ಮನಾಗ್ತತಿ' ಎಂದು ಇನ್ನೊಬ್ಬರು, 'ಪಾಪ, ಕೇಳಿದ್ದು ಕೊಡಿಸಿಬಿಡ್ರಿ ಅತ್ಲಾಗ' ಎಂದು ಮತ್ತೊಬ್ಬರು. ತಾಯಿ ಕೆಲವೊಮ್ಮೆ ಮೂರನ್ನೂ ಮಾಡಿ ನೋಡುತ್ತಾಳೆ. ಮರುದಿನ ಮತ್ತೆ ಅದೇ ರಾಗ.

ಇಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಈ ಕೂಸು ಆಗೊಮ್ಮೆ ಈಗೊಮ್ಮೆ ಹಟ ಮಾಡುತ್ತದೆಯೋ ಅಥವಾ ಬೆಳಗಿನಿಂದ ರಾತ್ರಿಯವರೆಗೆ ಮುಖ ಗಂಟಿಕ್ಕಿಕೊಂಡೇ ಇರುತ್ತದೆಯೋ? ಮೊದಲನೆಯದು ವಯೋಧರ್ಮ. ಎರಡನೆಯದರ ಹಿಂದೆ ಬೇರೆ ಕಾರಣ ಇರಬಹುದು.

ಹಟಕ್ಕೂ ಒಂದು ವಯಸ್ಸು

ಒಂದೂವರೆ ವರ್ಷದಿಂದ ನಾಲ್ಕು ವರ್ಷದವರೆಗೆ ಹಟ ಮಾಡದ ಕೂಸೇ ಇಲ್ಲವೆನ್ನಬೇಕು. ಈ ವಯಸ್ಸಿನಲ್ಲಿ ಮಗುವಿಗೆ ಬೇಕು ಬೇಡಗಳು ಗಟ್ಟಿಯಾಗಿ ಹುಟ್ಟಿರುತ್ತವೆ, ಅವನ್ನು ಹೇಳುವ ಮಾತು ಇನ್ನೂ ಹುಟ್ಟಿರುವುದಿಲ್ಲ. ಆಸೆ, ಸಿಟ್ಟುಗಳನ್ನು ಎಬ್ಬಿಸುವ ಮಿದುಳಿನ ಒಳಭಾಗ ಬೇಗ ಕೆಲಸಕ್ಕೆ ಬರುತ್ತದೆ. ಅವನ್ನು ತಡೆದು ಹಿಡಿಯುವ ಮುಂಭಾಗ ಬಲಿಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಎತ್ತು ಬಲಿತಿದೆ, ಮೂಗುದಾರ ಇನ್ನೂ ಹೊಸೆಯಬೇಕಾಗಿದೆ ಎಂದಂತೆ. ಅಂಥ ಕೂಸಿಗೆ 'ಶಾಣ್ಯಾ ಹಾಂಗ ಇರು' ಎಂದು ಬುದ್ಧಿ ಹೇಳಿದರೆ ಅದು ಕೇಳಬಾರದೆಂದು ಕೇಳದೇ ಇರುವುದಲ್ಲ, ಅದಕ್ಕೆ ಆಗುವುದಿಲ್ಲ.

ಅಮೆರಿಕದ ಫ್ಲಾರೆನ್ಸ್ ಗುಡ್‌ಇನಫ್ ಎಂಬ ಮನಶ್ಶಾಸ್ತ್ರಜ್ಞೆ ಮಕ್ಕಳ ಸಿಟ್ಟನ್ನು ಕುರಿತು 1931ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಮಾಡಿದ್ದು ಸರಳ ಕೆಲಸ. ತಾಯಂದಿರ ಕೈಗೆ ವಹಿ ಕೊಟ್ಟು, ಕೂಸು ಯಾವಾಗ ಸಿಟ್ಟಾಯಿತು, ಏಕೆ ಆಯಿತು, ಎಷ್ಟು ಹೊತ್ತು ಇತ್ತು, ಮನೆಯವರು ಏನು ಮಾಡಿದರು ಎಂದು ದಿನವೂ ಬರೆಸಿದರು. ಸಿಟ್ಟಿನ ಸರದಿ ಎರಡನೆಯ ವರ್ಷದಲ್ಲಿ ಅತಿ ಹೆಚ್ಚು, ಮುಂದೆ ಇಳಿಮುಖ. ಬಹುಪಾಲು ಸಿಟ್ಟು ಐದು ನಿಮಿಷದೊಳಗೆ ಮುಗಿಯುತ್ತಿತ್ತು. ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಅದು ಹೆಚ್ಚು. ಮೈಯಲ್ಲಿ ಹುಷಾರಿಲ್ಲದ ದಿನಗಳಲ್ಲಿ ಇನ್ನೂ ಹೆಚ್ಚು. ತೊಂಬತ್ತು ವರ್ಷದ ಮೇಲಾದರೂ ಈ ಮಾತುಗಳನ್ನು ತೆಗೆದುಹಾಕುವಂಥದ್ದೇನೂ ಆಗಿಲ್ಲ.

2003ರಲ್ಲಿ ಮೈಕೆಲ್ ಪೊಟೆಗಲ್ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿ ರಚ್ಚೆಯ ಒಳಗನ್ನು ಬಿಡಿಸಿ ನೋಡಿದರು. ಅದರಲ್ಲಿ ಸಿಟ್ಟು, ಸಂಕಟ ಎಂಬ ಎರಡು ಎಳೆಗಳಿವೆ. ಚೀರುವುದು, ಒದೆಯುವುದು ಮೊದಲಿಗೇ ಏರಿ ಇಳಿಯುತ್ತವೆ. ಅಳು, ಬಿಕ್ಕು ಕೊನೆಯವರೆಗೆ ಉಳಿಯುತ್ತವೆ. ಕೂಸು ತಾನಾಗಿ ಬಂದು ತೊಡೆ ಏರುವುದು ಸಿಟ್ಟು ಇಳಿದ ಮೇಲೆ. ಚೀರುವಾಗ ಎತ್ತಿಕೊಳ್ಳಹೋದರೆ ಒದೆಯುವ ಕೂಸು ಮೂರು ನಿಮಿಷದ ನಂತರ ಕೈ ಚಾಚುವುದಕ್ಕೆ ಕಾರಣ ಇದೇ.

ಹುಟ್ಟುಗುಣವನ್ನೂ ಮರೆಯುವಂತಿಲ್ಲ. ನ್ಯೂಯಾರ್ಕಿನಲ್ಲಿ 1956ರಿಂದ ಮಕ್ಕಳನ್ನು ಗಮನಿಸುತ್ತ ಬಂದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿಗಳು ನೂರಕ್ಕೆ ಸುಮಾರು ಹತ್ತು ಮಕ್ಕಳು ಹುಟ್ಟಿನಿಂದಲೇ ಕಿರಿಪಿರಿ ಸ್ವಭಾವದವರು ಎಂದು ಕಂಡುಕೊಂಡರು. ನಿದ್ದೆ, ಊಟ ಹೊತ್ತಿಗೆ ಸರಿಯಾಗಿಲ್ಲ, ಹೊಸ ಮುಖ ಕಂಡರೆ ಆಗದು, ಅತ್ತರೆ ಊರು ಕೇಳಬೇಕು. ಅದೇ ತಾಯಿಯ ಹಿರಿಯ ಮಗು ಶಾಂತವಾಗಿರುತ್ತದೆ. ಹೀಗಿರುವಾಗ 'ತಾಯಿ ಬೆಳಸಿದ್ದ ಸರಿಯಿಲ್ಲ' ಎಂಬ ಮಾತು ಅನ್ಯಾಯದ್ದು.

ಆ ಐದು ನಿಮಿಷ

ರಚ್ಚೆ ಹಿಡಿದಾಗ ಮಾಡಬೇಕಾದ್ದು ಸ್ವಲ್ಪ, ಮಾಡಬಾರದ್ದು ಬಹಳ. ಕೂಸು ಒಲೆ, ಮೆಟ್ಟಿಲು, ರಸ್ತೆಯ ಬದಿಯಲ್ಲಿದ್ದರೆ ಎತ್ತಿ ಈಚೆ ತರಬೇಕು. ಆಮೇಲೆ ಹತ್ತಿರದಲ್ಲೇ ಸುಮ್ಮನೆ ಕುಳಿತಿರಬೇಕು. ಚೀರುವಾಗ ಉಪದೇಶ ಬೇಡ. ಇಳಿದ ಮೇಲೆ ನೀರು ಕುಡಿಸಿ, ಮುಖ ಒರಸಿ, 'ಸಿಟ್ಟ ಬಂದಿತ್ತೇನು?' ಎಂದು ಒಂದೇ ಮಾತು ಕೇಳಿದರೂ ಸಾಕು. ತನಗಾದದ್ದಕ್ಕೆ ಸಿಟ್ಟು ಎಂಬ ಹೆಸರಿದೆ ಎಂದು ಕೂಸು ಕಲಿಯುವುದು ಹೀಗೆಯೇ. ಹೆಸರು ಗೊತ್ತಾದದ್ದನ್ನು ಮುಂದೆ ಮಾತಿನಲ್ಲಿ ಹೇಳಲು ಬರುತ್ತದೆ.

ಹೊಡೆತದಿಂದ ಕೂಸು ಸುಮ್ಮನಾಗುವುದುಂಟು, ಆದರೆ ಹೆದರಿಕೆಯಿಂದ. ಸಿಟ್ಟು ಬಂದಾಗ ಕೈ ಎತ್ತಬೇಕು ಎಂಬ ಪಾಠವನ್ನೂ ಅದು ಅಲ್ಲಿಯೇ ಕಲಿಯುತ್ತದೆ. 'ಗುಮ್ಮಗ ಕೊಡ್ತೀನಿ', 'ಪೊಲೀಸ್ ಬಂದ ನೋಡು', 'ಡಾಕ್ಟರು ಸೂಜಿ ಚುಚ್ಚತಾರ' ಎಂಬ ಬೆದರಿಕೆಗಳೂ ಅಷ್ಟೇ. ವೈದ್ಯರ ಹೆಸರಿನಲ್ಲಿ ಹೆದರಿಸಿದ ಕೂಸನ್ನು ನಾಳೆ ಜ್ವರ ಬಂದಾಗ ಆಸ್ಪತ್ರೆಯ ಬಾಗಿಲು ದಾಟಿಸುವುದು ಎಷ್ಟು ಕಷ್ಟ ಎಂಬುದು ದಾಟಿಸಿದವರಿಗೆ ಗೊತ್ತು.

ಅವಿಭಕ್ತ ಮನೆಯಲ್ಲಿ ಇನ್ನೊಂದು ತೊಡಕು. ತಾಯಿ ಬೇಡವೆಂದದ್ದನ್ನು ಅಜ್ಜಿ ಸೆರಗಿನ ಗಂಟಿನಿಂದ ಬಿಚ್ಚಿ ಕೊಡುತ್ತಾಳೆ. ಅಪ್ಪ ಹೊಲದಿಂದ ಬಂದು, ಚೀರಾಟ ಕೇಳಲಾರದೆ ಅಂಗಡಿಗೆ ಕರೆದೊಯ್ದು ಐದು ರೂಪಾಯಿಯ ಕುರುಕಲು ಚೀಟು ಕೊಡಿಸುತ್ತಾನೆ. ಹತ್ತು ಸಲದಲ್ಲಿ ಎರಡು ಸಲ ಚೀರಿದ್ದಕ್ಕೆ ಫಲ ಸಿಕ್ಕರೂ ಕೂಸು ಹನ್ನೊಂದನೆಯ ಸಲ ಬಿಡದೆ ಚೀರುತ್ತದೆ. ಯಾವುದು ಕೊಡುವುದು, ಯಾವುದು ಕೊಡದಿರುವುದು ಎಂಬುದನ್ನು ಅತ್ತೆ, ಸೊಸೆ, ಮಗ ಮೂವರೂ ಕೂಸಿನ ಎದುರಿಗಲ್ಲದೆ ಒಮ್ಮೆ ಕುಳಿತು ಮಾತಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಇತ್ತೀಚೆಗೆ ಮೊಬೈಲು ಹೊಸ ಗುಮ್ಮನಾಗಿಯೂ ಹೊಸ ಪೆಪ್ಪರಮಿಂಟಾಗಿಯೂ ಬಂದಿದೆ. ಒಂದು ವರ್ಷದ ಕೂಸಿಗೆ ಪರದೆ ತೋರಿಸುವುದೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲು ಕೊಟ್ಟಾಗ ರಚ್ಚೆ ನಿಲ್ಲುವುದು ನಿಜ. ಕಸಿದುಕೊಂಡಾಗ ಅದರ ಎರಡು ಪಟ್ಟು ಶುರುವಾಗುವುದೂ ನಿಜ.

ಹಟ ಏಳುವ ಮೊದಲೇ ತಪ್ಪಿಸುವುದು ಎಲ್ಲಕ್ಕಿಂತ ಸುಲಭ. ಸಂತೆಗೆ ಹೊರಡುವ ಮುನ್ನ ಕೂಸಿನ ಹೊಟ್ಟೆ ತುಂಬಿರಲಿ. ಮಧ್ಯಾಹ್ನದ ನಿದ್ದೆ ಕೆಡದಿರಲಿ. ಒಂದರಿಂದ ಎರಡು ವರ್ಷದ ಕೂಸಿಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ತಾಸು, ಮೂರರಿಂದ ಐದು ವರ್ಷದವರಿಗೆ 10ರಿಂದ 13 ತಾಸು ನಿದ್ದೆ ಬೇಕು. 'ಅಂಗಿ ಹಾಕ್ಕೋತಿಯೋ ಇಲ್ಲೋ' ಎಂದರೆ ಇಲ್ಲ ಎಂಬ ಉತ್ತರ ಬಂದೇ ಬರುತ್ತದೆ. 'ಕೆಂಪ ಅಂಗೀನೋ, ಹಸರ ಅಂಗೀನೋ' ಎಂದು ಕೇಳಿದರೆ ಆರಿಸುವ ಸಂತೋಷದಲ್ಲಿ ಹಟ ಮರೆತುಹೋಗುತ್ತದೆ.

ಇಡೀ ದಿನ ಕಿರಿಪಿರಿಯಾದರೆ

ಇನ್ನು ಎರಡನೆಯ ಬಗೆಯ ಕೂಸು. ಇದು ಆಟಕ್ಕೆ ಹೋಗುವುದಿಲ್ಲ, ತಾಯಿಯ ಸೆರಗು ಬಿಡುವುದಿಲ್ಲ. ಊಟ ಸೇರದು, ಮುಖ ಬಿಳಿಚಿದೆ. ಗೋಡೆಯ ಸುಣ್ಣ ಕೆರೆದು, ಮಣ್ಣು ಹೆಕ್ಕಿ ತಿನ್ನುತ್ತದೆ. ಸಣ್ಣದಕ್ಕೂ ಅಳು, ಅತ್ತರೆ ನಿಲ್ಲದು. ಮನೆಯವರು ಇದನ್ನು 'ಹುಟ್ಟಾ ಹಟಮಾರಿ' ಎಂದು ಕರೆದು ಸುಮ್ಮನಾಗುತ್ತಾರೆ. ಈ ಕೂಸಿನ ರಕ್ತವನ್ನು ಪರೀಕ್ಷಿಸಿದರೆ ಬಹಳ ಸಲ ಕಾರಣ ಅಲ್ಲಿಯೇ ಸಿಗುತ್ತದೆ: ಕಬ್ಬಿಣದ ಕೊರತೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ. 2015–16ರಲ್ಲಿ ಇದು 60.9 ಇತ್ತು. ಹಿಮೋಗ್ಲೋಬಿನ್ ನೂರು ಮಿಲಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಈ ಲೆಕ್ಕ. ಎಲ್ಲ ರಕ್ತಹೀನತೆಗೂ ಕಬ್ಬಿಣವೊಂದೇ ಕಾರಣವಲ್ಲ, ಆದರೆ ಪುಟ್ಟ ಮಕ್ಕಳಲ್ಲಿ ಅದು ದೊಡ್ಡ ಕಾರಣ. ಮೂರು ಕೂಸುಗಳಲ್ಲಿ ಎರಡಕ್ಕೆ ಇರುವ ತೊಂದರೆ ಓಣಿಗೊಂದಿಲ್ಲ ಎಂದು ಯಾರೂ ಹೇಳಲಾರರು.

ಕಬ್ಬಿಣಕ್ಕೂ ಸಿಟ್ಟಿಗೂ ಏನು ಸಂಬಂಧ? ಕಬ್ಬಿಣ ರಕ್ತದ ಕೆಂಪಿಗೆ ಮಾತ್ರ ಬೇಕಾದ ವಸ್ತುವಲ್ಲ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಾಗಲು ಅದು ಬೇಕು, ಈ ಡೋಪಮೈನ್ ಉತ್ಸಾಹ, ಗಮನಗಳಿಗೆ ಸಂಬಂಧಿಸಿದ್ದು. ನರತಂತುಗಳ ಮೇಲಿನ ಹೊದಿಕೆ ಬೆಳೆಯಲೂ ಕಬ್ಬಿಣ ಬೇಕು. ವೈರಿನ ಮೇಲೆ ರಬ್ಬರು ಸರಿಯಾಗಿರದಿದ್ದರೆ ಕರೆಂಟು ಹೇಗೆ ಹರಿದೀತು? ಬೆಟ್ಸಿ ಲೊಝಾಫ್ ಎಂಬ ಮಕ್ಕಳ ವೈದ್ಯೆ ಕೋಸ್ಟರಿಕಾ ದೇಶದಲ್ಲಿ ಕಬ್ಬಿಣದ ಕೊರತೆಯ ಕೂಸುಗಳನ್ನು ಗಮನಿಸಿದಾಗ ಅವು ತಾಯಿಗೆ ಅಂಟಿಕೊಂಡೇ ಇರುತ್ತಿದ್ದವು, ನಗು ಕಡಿಮೆ, ಅಂಜಿಕೆ ಹೆಚ್ಚು. ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಲೊಝಾಫ್, ಶೈಶವದಲ್ಲಿ ಕೊರತೆ ತೀವ್ರವಾಗಿದ್ದವರು ಮುಂದೆ ಕಲಿಕೆಯ ಪರೀಕ್ಷೆಗಳಲ್ಲಿಯೂ ಹಿಂದೆ ಬಿದ್ದುದನ್ನು ಕಂಡರು. ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ಎರಡು ವರ್ಷಗಳಲ್ಲಿ ಆದ ನಷ್ಟವನ್ನು ಆಮೇಲೆ ಪೂರ್ತಿ ತುಂಬಿಕೊಡುವುದು ಕಷ್ಟ. ಹಟವೆಂದು ಬಡಿದು ಸುಮ್ಮನಾಗಿಸಿದ ಕೂಸು ಮುಂದೆ ಶಾಲೆಯಲ್ಲಿ ದಡ್ಡ ಎನಿಸಿಕೊಳ್ಳುವಂತಾದರೆ ಅದರ ಹೊಣೆ ಯಾರದು?

ಈಳಿಗೆಯ ಕಪ್ಪು

ತುಂಬು ತಿಂಗಳಿಗೆ ಹುಟ್ಟಿದ ಕೂಸು ತಾಯಿಯ ಹೊಟ್ಟೆಯಿಂದಲೇ ಆರು ತಿಂಗಳಿಗೆ ಸಾಲುವಷ್ಟು ಕಬ್ಬಿಣದ ಗಂಟು ತಂದಿರುತ್ತದೆ. ತಾಯಿಗೇ ರಕ್ತ ಕಡಿಮೆಯಿದ್ದರೆ ಗಂಟು ಸಣ್ಣದು. ಆರು ತಿಂಗಳಾದ ಮೇಲೆ ಊಟದಿಂದಲೇ ಕಬ್ಬಿಣ ಬರಬೇಕು. ಒಂದರಿಂದ ಮೂರು ವರ್ಷದ ಕೂಸಿಗೆ ದಿನಕ್ಕೆ 8 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಆದರೆ ಕೂಸಿನ ಪಾಲಿಗೆ ಬರುವುದೇನು? ಬೆಳಿಗ್ಗೆ ಬಟ್ಟಲ ಚಹಾ, ಅದರಲ್ಲಿ ಅದ್ದಿದ ಬಿಸ್ಕೀಟು ಅಥವಾ ಖಾರಿ. ಮಧ್ಯಾಹ್ನ ನೀರು ಸಾರು ಕಲಸಿದ ಅನ್ನ. ಸಂಜೆ ಮತ್ತೆ ಚಹಾ.

ಹಾನಗಲ್ಲು ತಾಲೂಕು ಮಾವಿಗೆ ಹೆಸರಾದದ್ದು. ಉಪ್ಪಿನಕಾಯಿಗೆಂದು ಕಬ್ಬಿಣದ ಈಳಿಗೆಯಲ್ಲಿ ಮಾವಿನಕಾಯಿ ಹೆಚ್ಚಿದವರು ಅದರ ಅಂಚು ಕಪ್ಪಾಗುವುದನ್ನು ನೋಡಿದ್ದಾರೆ. ಕಾಯಿಯ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ಆದ ಕಪ್ಪು ಅದು. ಚಹಾದಲ್ಲಿರುವ ಒಗರೂ ಅದೇ ಜಾತಿಯದು. ಊಟದ ಜೊತೆ ಚಹಾ ಕುಡಿದರೆ ಹೊಟ್ಟೆಯಲ್ಲಿ ಅದು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಪುಟ್ಟ ಮಕ್ಕಳಿಗೆ ಚಹಾ ಬೇಡವೆನ್ನುವುದು ಇದಕ್ಕಾಗಿ. ಉಳ್ಳವರ ಮನೆಯಲ್ಲಿ ತೊಂದರೆ ಬೇರೆ: ಊಟ ಸೇರದೆಂದು ದಿನಕ್ಕೆ ನಾಲ್ಕು ಲೋಟ ಆಕಳ ಅಥವಾ ಎಮ್ಮೆಯ ಹಾಲು. ಹಾಲಿನಲ್ಲಿ ಕಬ್ಬಿಣ ತೀರ ಕಡಿಮೆ. ಹೊಟ್ಟೆ ತುಂಬುವುದರಿಂದ ಊಟ ಇನ್ನೂ ಸೇರದು. ಹಾಲು ಒಳ್ಳೆಯದೇ, ದಿನಕ್ಕೆ ಎರಡು ಲೋಟ ಸಾಕು.

ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಂಗೂ ಕಡಿಮೆ, ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ 6, ಹುರುಳಿಯಲ್ಲಿ 8ರ ಮೇಲೆ. ರೊಟ್ಟಿಯ ನಾಡಿನಲ್ಲಿ ಹಿರಿಯರ ತಾಟಿಗೆ ಬೀಳುವ ರೊಟ್ಟಿ, ಕಾಳುಪಲ್ಯ ಕೂಸಿನ ಬಟ್ಟಲಿಗೆ ಬರದಿರುವುದು ವಿಚಿತ್ರ. ರೊಟ್ಟಿಯನ್ನು ಬೇಳೆಯ ಸಾರಿನಲ್ಲಿ ನೆನೆಸಿ ಕಿವುಚಿ, ಮೊಳಕೆ ಬರಿಸಿ ಬೇಯಿಸಿದ ಹೆಸರು ಅಥವಾ ಮಡಿಕೆ ಕಾಳನ್ನು ಹಿಸುಕಿ, ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ ಉಣಿಸಬಹುದು. ಮೊಳಕೆಯಿಂದಲೂ ಹುಳಿಯಿಂದಲೂ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಪೇರಲ ಹಣ್ಣಿನ ತಿರುಳೂ ಇದೇ ಕೆಲಸ ಮಾಡುತ್ತದೆ. ಮಾಂಸ ತಿನ್ನುವ ಮನೆಯಾದರೆ ಮೆತ್ತಗೆ ಬೇಯಿಸಿದ ಮಾಂಸದ ತುಣುಕು, ಕಾರಿಜವನ್ನು ಕೂಸಿಗೂ ಕೊಡಬೇಕು. ಅದರ ಕಬ್ಬಿಣ ಎಲ್ಲಕ್ಕಿಂತ ಬೇಗ ಹತ್ತುತ್ತದೆ.

ಔಷಧ ಬಾಗಿಲಲ್ಲೇ ಇದೆ

ಕೊರತೆ ಆದ ಮೇಲೆ ಊಟವೊಂದೇ ಸಾಲದು. ಅನೀಮಿಯಾ ಮುಕ್ತ ಭಾರತ ಎಂಬ 2018ರ ಕಾರ್ಯಕ್ರಮದಂತೆ ಆರು ತಿಂಗಳಿಂದ ಐದು ವರ್ಷದವರೆಗಿನ ಪ್ರತಿ ಕೂಸಿಗೂ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಪುಕ್ಕಟೆ. ಇದು ಕೊರತೆ ಬಾರದಂತೆ ತಡೆಯುವ ಪ್ರಮಾಣ. ಬಂದಿದ್ದರೆ ಕೂಸಿನ ತೂಕ ನೋಡಿ ವೈದ್ಯರು ದಿನದ ಪ್ರಮಾಣ ಬರೆದುಕೊಡುತ್ತಾರೆ. ಆಶಾ ಕಾರ್ಯಕರ್ತೆ ಕೊಟ್ಟ ಬಾಟಲಿ ಎಷ್ಟೋ ಮನೆಗಳಲ್ಲಿ ದೇವರ ಮಾಡದಲ್ಲಿ ಧೂಳು ಹಿಡಿದು ಕುಳಿತಿರುತ್ತದೆ. 'ಕುಡಿಸಿದ್ರ ಹೇಲು ಕರ್ರಗ ಆಗ್ತತಿ' ಎಂಬುದು ಹೆದರಿಕೆ. ಕಪ್ಪಾಗುವುದು ಸಹಜ, ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಬೀಳುವ ಗುರುತು ಅದು. ಹಲ್ಲಿಗೆ ಕಲೆಯಾಗದಂತೆ ನಾಲಗೆಯ ಹಿಂಭಾಗಕ್ಕೆ ಹನಿಸಿ, ಮೇಲೆ ನೀರು ಕುಡಿಸಿದರಾಯಿತು.

ಮಕ್ಕಳ ವೈದ್ಯಶಾಸ್ತ್ರದ ಪಠ್ಯಗಳಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಕಬ್ಬಿಣ ಕೊಡಲು ಆರಂಭಿಸಿದಾಗ ಹಿಮೋಗ್ಲೋಬಿನ್ ಏರಲು ಕೆಲವು ದಿನಗಳಿಂದ ತಿಂಗಳು ಬೇಕು. ಆದರೆ ಕಿರಿಪಿರಿ ತಗ್ಗುವುದು, ಹಸಿವು ಹುಟ್ಟುವುದು ಅದಕ್ಕೂ ಮೊದಲೇ, ಒಂದೆರಡು ದಿನಗಳಲ್ಲಿಯೇ ಕಾಣಬಹುದು. ಮುಖ ಕೆಂಪಾಗುವ ಮೊದಲು ಮುಖದಲ್ಲಿ ನಗು ಬರುತ್ತದೆ. ಹಾಗೆಂದು ಔಷಧ ನಿಲ್ಲಿಸಬಾರದು. ಖಾಲಿಯಾದ ಕಣಜ ತುಂಬಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದು ತಿಂಗಳಾದರೂ ರಕ್ತ ಏರದಿದ್ದರೆ ಕಾರಣ ಬೇರೆಯಿರಬಹುದು, ಆಗ ವೈದ್ಯರು ಮುಂದಿನ ಪರೀಕ್ಷೆ ಬರೆಯುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಸಿರಪ್ಪಿನ ಬಾಟಲಿ ಮತ್ತು ಗರ್ಭಿಣಿಯರಿಗೆ ಕೊಟ್ಟ ಕಬ್ಬಿಣದ ಗುಳಿಗೆ ಕೂಸಿನ ಕೈಗೆ ಸಿಗದಂತೆ ಇಡಬೇಕು. ಮಿಠಾಯಿಯೆಂದು ಒಮ್ಮೆಲೇ ಹತ್ತಾರು ನುಂಗಿದರೆ ಜೀವಕ್ಕೇ ಅಪಾಯ.

ಹೊಟ್ಟೆಯ ಹುಳುಗಳೂ ರಕ್ತ ಕದಿಯುತ್ತವೆ. ಕೊಕ್ಕೆಹುಳು ಬರಿಗಾಲಿನಿಂದ ಒಳಸೇರಿ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಲ್ಲಿ ಅಂಗನವಾಡಿಯಲ್ಲಿ ಗುಳಿಗೆ ಕೊಡುತ್ತಾರೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ, ಎರಡು ದಾಟಿದವರಿಗೆ ಒಂದು, ಪುಡಿ ಮಾಡಿ.

ಕಬ್ಬಿಣವೇ ಎಲ್ಲಕ್ಕೂ ಕಾರಣವೆಂದು ತಿಳಿಯಬಾರದು. ಕಿವಿ ಸೋರುವುದು, ಹಲ್ಲಿನ ಹುಳುಕು, ಮಲ ಗಟ್ಟಿಯಾಗುವುದು, ರಾತ್ರಿ ಗುದದ್ವಾರ ತುರಿಸುವ ಸಣ್ಣ ಹುಳು, ಉರಿಮೂತ್ರ, ಇವೆಲ್ಲವೂ ಹೇಳಲು ಬಾರದ ಕೂಸಿನ ಬಾಯಲ್ಲಿ ರಚ್ಚೆಯಾಗಿಯೇ ಹೊರಬೀಳುತ್ತವೆ. ಕರೆದರೆ ತಿರುಗದ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದ, ಕಣ್ಣಲ್ಲಿ ಕಣ್ಣಿಟ್ಟು ನೋಡದ ಕೂಸಿನ ಕಿವಿ ಮತ್ತು ಬೆಳವಣಿಗೆಯನ್ನು ಪರೀಕ್ಷಿಸಬೇಕು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬರುವುದು ಇದಕ್ಕೇ. ಅತ್ತು ಅತ್ತು ಉಸಿರು ಹಿಡಿದು, ತುಟಿ ನೀಲಿಯಾಗಿ ಕ್ಷಣಕಾಲ ಕಣ್ಣು ಮೇಲೆ ಮಾಡುವ ಕೂಸುಗಳೂ ಇವೆ. ಮನೆಯವರ ಜೀವ ಬಾಯಿಗೆ ಬರುತ್ತದೆ, ಆದರೆ ಉಸಿರು ತಾನಾಗಿ ಮರಳುತ್ತದೆ. ಬಾಯಲ್ಲಿ ಬೆರಳು ಹಾಕುವುದು, ನೀರು ಸುರಿಯುವುದು ಬೇಡ, ಮಗ್ಗುಲಾಗಿ ಮಲಗಿಸಿದರೆ ಸಾಕು. ಇದು ಮೂರ್ಛೆರೋಗವಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ಇಂಥ ಕೂಸುಗಳಲ್ಲಿಯೂ ಕಬ್ಬಿಣ ಕಡಿಮೆಯಿರುವುದುಂಟು, ಅದನ್ನು ತುಂಬಿದರೆ ಸರದಿಗಳೂ ಕಡಿಮೆಯಾಗುತ್ತವೆ.

ತಾಯಿಯ ಮೈ, ತಾಯಿಯ ಮನಸ್ಸು

ಕೂಸಿನ ರಚ್ಚೆಯ ಇನ್ನೊಂದು ತುದಿ ತಾಯಿಯ ಕೈಯಲ್ಲಿದೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಹಿರೇಕೆರೂರಿನ ಕಡೆ ಗೋವಿನಜೋಳದ ಸುಗ್ಗಿ, ಶಿಗ್ಗಾವಿಯ ಕಡೆ ಮೆಣಸಿನಕಾಯಿ ಬಿಡಿಸುವುದು, ಸವಣೂರಿನಲ್ಲಿ ಎಲೆತೋಟದ ಕೂಲಿ. ದಿನವೆಲ್ಲ ಬಗ್ಗಿ ದುಡಿದು ಬಂದವಳಿಗೆ ಒಲೆ ಹೊತ್ತಿಸುವ ಹೊತ್ತಿಗೇ ಕೂಸಿನ ಹಟ ಶುರು. ಅವಳ ಮೈಯಲ್ಲಿಯೂ ಕಬ್ಬಿಣವಿಲ್ಲ, ಹೊಟ್ಟೆಯಲ್ಲಿಯೂ ಅನ್ನವಿಲ್ಲ. ಅಂಥವಳಿಗೆ 'ಸಮಾಧಾನದಿಂದ ಇರು' ಎಂದು ಪುಸ್ತಕದ ಬುದ್ಧಿ ಹೇಳುವುದಕ್ಕಿಂತ, ಸಂಜೆಯ ಒಂದು ತಾಸು ಅಪ್ಪನೋ ಮಾವನೋ ಕೂಸನ್ನು ಎತ್ತಿಕೊಂಡು ಓಣಿ ಸುತ್ತಿಸಿ ಬರುವುದು ಹೆಚ್ಚಿನ ಉಪಕಾರ. ಕೂಸಿನ ಜೊತೆ ತಾಯಿಯ ರಕ್ತವನ್ನೂ ಪರೀಕ್ಷಿಸಬೇಕು. ಹೆರಿಗೆಯಾದ ಮೇಲೆ ಯಾವುದರಲ್ಲಿಯೂ ಮನಸ್ಸಿಲ್ಲದೆ, ಕೂಸಿನ ಅಳು ಕೇಳಿದರೂ ಏಳಲಾರದೆ ಕುಳಿತುಬಿಡುವ ತಾಯಿಗೆ ಬೈಗುಳವಲ್ಲ, ಚಿಕಿತ್ಸೆ ಬೇಕು. 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಪುಕ್ಕಟೆ ಫೋನು ಮಾಡಬಹುದು.

ಶಿಗ್ಗಾವಿ ತಾಲೂಕಿನಲ್ಲಿರುವ ಶರೀಫರ ಊರು ಶಿಶುವಿನಹಾಳ. ಹೆಸರಿನಲ್ಲೇ ಶಿಶುವಿದೆ. ಇಂಥ ಸೀಮೆಯಲ್ಲಿ ಕೂಸಿಗಾಗಿ ಹರಕೆ ಹೊರುವುದು, ತಾಯತ ಕಟ್ಟುವುದು ಹಳೆಯ ರೂಢಿ. ಹಿರಿಯರ ಸಮಾಧಾನಕ್ಕೆ ತಾಯತ ಕಟ್ಟಿದರೆ ಜಗಳ ತೆಗೆಯುವ ಕಾರಣವಿಲ್ಲ, ಆದರೆ ದಾರ ಕಟ್ಟಿದ ದಿನವೇ ಒಂದು ಹನಿ ರಕ್ತದ ಪರೀಕ್ಷೆಯೂ ಆಗಲಿ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ತಾಲೂಕು ಆಸ್ಪತ್ರೆಗಳಿವೆ. ಸಂತೆಯ ದಿನ ಊರಿಗೆ ಬಂದವರು ಚೀಲ ತುಂಬುವ ಮೊದಲು ಕೂಸನ್ನು ಅಲ್ಲಿಗೆ ಕರೆದೊಯ್ಯಲಿ. ಮಾತು ಬಾರದ ಕೂಸು ತನಗಿರುವ ಒಂದೇ ಭಾಷೆಯಲ್ಲಿ ಏನನ್ನೋ ಹೇಳುತ್ತಿದೆ. ಹೊಡೆಯಲು ಕೈ ಎತ್ತುವ ಮೊದಲು ಅದರ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಇಳಿಸಿ, ಅಲ್ಲಿ ಕೆಂಪಿದೆಯೋ ಬಿಳುಪಿದೆಯೋ ನೋಡಬೇಕು.